ಕುತೈಬಾ ಮುಟ್ಟದ ಕಾಫಿ

ಸಿವಾರ್ ರಾಜೀನಾಮೆ ಪತ್ರವನ್ನು ಮೇಜಿಗೆ ಬಡಿದ ಸದ್ದಿಗೆ ಅಮ್ಮಾನ್ ನಗರದ ಏಳೂ ಗುಡ್ಡಗಳು ಬೆಚ್ಚಿಬಿದ್ದವು. ಸುಳ್ಳಲ್ಲ, ಎಂಟನೆಯದಿದ್ದರೆ ಅದೂ ಬೀಳುತ್ತಿತ್ತು!

"ನನ್ನ ಕೆಲಸಕ್ಕೆ ನೀವು ಬಹುಮಾನ ತಗೊಂಡ್ರಲ್ಲ, ನಿದ್ದೆ ಚೆನ್ನಾಗಿ ಬಂತಾ ಕುತೈಬಾ?"

ತಂಡದ ಮುಖ್ಯಸ್ಥ ಕುತೈಬಾನ ಬಾಯಿ ತೆರೆಯಿತು... ಮಾತು ಬರಲಿಲ್ಲ.

ಆಸ್ಪತ್ರೆಗಳಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ಆ ತಂತ್ರಾಂಶವನ್ನು ಎರಡು ವರ್ಷ ಕೂತು ಬರೆದವಳು ಸಿವಾರ್. ನಿನ್ನೆಯ ಸಮಾರಂಭದಲ್ಲಿ ಫಲಕ ಹೋದದ್ದು ಮಾತ್ರ ಅವನ ಕೈಗೆ.

'ಇವನೂ ಹೀಗೇನಾ? ಇವನನ್ನೇ ನಾನು...' ಅವಳ ಎದೆ ಉರಿಯಿತು.

ಮಾಲೀಕ ಹಿಕ್ಮತ್ ಓಡಿಬಂದರು. "ಮಗಳೇ, ನಿನ್ನನ್ನ ಕರೀತಿರೋ ದುಬೈ ಕಂಪನಿಯವರು ಎಷ್ಟು ಕೊಡ್ತಾರೋ ಅಷ್ಟೇ ಕೊಡ್ತೀನಿ. ಹೊಸ ಕಾರು ಬೇಕಾ? ಕಿಟಕಿ ಪಕ್ಕದ ಕೋಣೆ?"

"ಉಸ್ತಾದ್, ನಾನು ಕಟ್ಟಿದ್ದಕ್ಕೆ ನನ್ನ ಹೆಸರೇ ಇಲ್ಲ. ಕಾರಿನಲ್ಲಿ ಕೂತು ಅಳಲಾ?"

ಅಷ್ಟರಲ್ಲಿ ಕುತೈಬಾ ಕಾಫಿ ಬಗ್ಗಿಸಿಕೊಂಡು ಬಂದು ಹಿಕ್ಮತ್ ಎದುರು ಕೂತ. ಬಟ್ಟಲನ್ನು ತುಟಿಗೂ ತಾಗಿಸದೆ ಮೇಜಿನ ಮೇಲಿಟ್ಟ!

ಇಡೀ ಕಚೇರಿ ಉಸಿರು ಬಿಗಿಹಿಡಿಯಿತು. ಆ ನಾಡಿನಲ್ಲಿ ಹಾಗಿಡುವುದು ಹೆಣ್ಣು ಕೇಳಲು ಬಂದ ಹಿರಿಯರು. ಕೋರಿಕೆ ಈಡೇರದೆ ಅವರು ಗುಟುಕು ಕುಡಿಯರು. ಕುಡಿಸದೆ ಕಳಿಸಿದವರಿಗೆ ಏಳು ತಲೆಮಾರಿಗಾಗುವಷ್ಟು ಅವಮಾನ.

"ಏಯ್, ನನಗಿರೋದೆಲ್ಲ ಗಂಡುಮಕ್ಕಳು ಕಣೋ!" ಹಿಕ್ಮತ್ ಬೆವತರು.

"ಕೆಲಸ ಸಿವಾರ್ ಅವರದು ಅಂತ ಮೂರು ಸಲ ಹೇಳಿದೆ. ಬಹುಮಾನ ಮುಖ್ಯಸ್ಥನಿಗೇ ಅಂದ್ರಿ. ಹಾಗಾದ್ರೆ ಅವರನ್ನೇ ಮುಖ್ಯಸ್ಥೆ ಮಾಡಿ, ತಂತ್ರಾಂಶಕ್ಕೆ ಅವರ ಹೆಸರು ಹಾಕಿ. ಅವರ ಕೈಕೆಳಗೆ ನಾನಿರ್ತೀನಿ. ಅಲ್ಲೀತನಕ ಇದನ್ನ ಮುಟ್ಟಲ್ಲ."

ಸಿವಾರ್ ಕಣ್ಣು ಮಂಜಾಯಿತು. 'ಅಯ್ಯೋ... ಇವನಿಗಾ ನಾನು ಹಾಗೆ ಅಂದೆ?'

ಒಂದು ಗಂಟೆ. ಎರಡು ಗಂಟೆ. ಕಾಫಿ ಹಿಮಗಡ್ಡೆಯಾಯಿತು, ಹಿಕ್ಮತ್ ಕರಗಿ ನೀರಾದರು.

"ಆಯ್ತಪ್ಪಾ, ಕೊಟ್ಟೆ! ಕುಡಿ!"

"ಹೆಸರು ಇವತ್ತೇ ಹಾಕ್ಬೇಕು ಉಸ್ತಾದ್," ಎಂದಳು ಸಿವಾರ್. ಅವರು ತಲೆಯಾಡಿಸಿದ ಮೇಲೆಯೇ ಪತ್ರ ಹರಿದಳು. ಕುತೈಬಾ ಒಂದೇ ಗುಟುಕಿಗೆ ಬಟ್ಟಲು ಬರಿದು ಮಾಡಿದ.

"ಇದನ್ನ ಬೆಳಿಗ್ಗೆ ನನಗೆ ಹೇಳೋಕೆ ಬಾಯಿರಲಿಲ್ವಾ?"

"ನಿಮ್ಮ ಮುಂದೆ ಯಾವತ್ತಾದ್ರೂ ನಂಗೆ ಬಾಯಿ ಬಂದಿದ್ಯಾ?"

ಸಿವಾರ್ ನಕ್ಕಳು. ತನಗೆ ಬಿಸಿ ಕಾಫಿ ಬಗ್ಗಿಸಿಕೊಂಡು, ತುಟಿಗೆ ತಾಗಿಸದೆ ಅವನೆದುರು ಇಟ್ಟಳು.

"ಈಗ ನನ್ನ ಕೋರಿಕೆ. ಶುಕ್ರವಾರ ಹಿರಿಯರನ್ನ ಕರ್ಕೊಂಡು ನಮ್ಮನೆಗೆ ಬಂದು, ಹೀಗೇ ಬಟ್ಟಲು ಇಡ್ಬೇಕು."

"ಕೊಟ್ಟೆ!" ಎಂದ ಕುತೈಬಾ. "ನಿಮ್ಮಪ್ಪನೂ ಎರಡು ಗಂಟೆ ಕಾಯಿಸಿದ್ರೆ...?"

ಅವಳು ಬಟ್ಟಲೆತ್ತಿ ಮೆಲ್ಲಗೆ ಗುಟುಕರಿಸಿದಳು.

"ನಾನಿದ್ದೀನಲ್ಲ... ಈ ಸಲ ಆರೋಕೆ ಬಿಡಲ್ಲ."