ಬೀಸುವ ಕಲ್ಲಿನ ಎರಡು ಬಳೆಗಳು

ಬೀಸುವ ಕಲ್ಲು ಗರಗರನೆ ತಿರುಗುತ್ತಿತ್ತು. ಎದುರುಬದುರು ಕುಳಿತ ಇಬ್ಬರು ಹೆಂಗಸರು ಅದರ ಒಂದೇ ಗೂಟವನ್ನು ಹಿಡಿದಿದ್ದರು. ಇಬ್ಬರ ಮಣಿಕಟ್ಟಿನಲ್ಲೂ ಒಂದೊಂದು ತೆಳ್ಳನೆಯ ಬಳೆ. ಹಿರಿಯಳದು ಹಸಿರಾಗಿ ಹೊಳೆಯುತ್ತಿತ್ತು, ಕಿರಿಯಳದು ಕೆಂಪಗಿತ್ತು. ಗೋಡೆಯ ಪರದೆಯ ಮೇಲೆ ಅಂಕಿಗಳು ಮೂಡುತ್ತಿದ್ದವು: ಒಂಬತ್ತು ವ್ಯಾಟ್, ಮೈನಸ್ ಎರಡು ವ್ಯಾಟ್.

ಅದು ೨೦೬೪ನೆಯ ಇಸವಿ. ಗದಗಿನ ಹೊರವಲಯದ ಒಂದು ಚಿಕಿತ್ಸಾ ಕೇಂದ್ರ. ಕಿರಿಯಳಾದ ನೀಲಗಂಗವ್ವ ನಲವತ್ತು ವರ್ಷ ಹಳೆ ಬಟ್ಟೆಯ ಕೌದಿ ಹೊಲಿದವಳು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತ್ತು. ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಬಸಲಿಂಗವ್ವ ದಿನವೂ ಜೊತೆಗೆ ಬಂದು ಕಲ್ಲಿನ ಮುಂದೆ ಕೂರುತ್ತಿದ್ದಳು. ಆರು ವಾರದಲ್ಲಿ ಕೈ ತಾನಾಗಿ ಒಂದಿಷ್ಟಾದರೂ ಶಕ್ತಿ ಕೊಡದಿದ್ದರೆ ಅದರ ಚಿಕಿತ್ಸೆ ನಿಲ್ಲಿಸಿ ಎಡಗೈಗೆ ಕೆಲಸ ಕಲಿಸುವುದು ಅಲ್ಲಿಯ ನಿಯಮ. ಇಂದು ಆರನೆಯ ವಾರದ ಕೊನೆಯ ದಿನ.

ಬಳೆಯನ್ನು ರೂಪಿಸಿದ ವಿಜ್ಞಾನಿ ಶಾಹಿದಾ ನದಾಫ ಕುರ್ಚಿ ಬಿಟ್ಟು ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತಿದ್ದಳು.

"ಅಲ್ಲವ್ವಾ, ಇಷ್ಟು ತಿಣುಕಾಕತ್ತೀನಿ, ಮೈನಸ್ ಅಂದ್ರೇನು? ನನ್ನ ಕೈ ಹಿಟ್ಟು ಕದಿಯಾಕತ್ತೈತೇನು?" ಎಂದಳು ನೀಲಗಂಗವ್ವ. ನಗಲು ಹೋದಳು, ಆಗಲಿಲ್ಲ.

ಶಾಹಿದಾ ಬಿಡಿಸಿ ಹೇಳಿದಳು. ಕೈ ಎಷ್ಟು ಬಲ ಹಾಕುತ್ತದೆ, ಯಾವ ಕಡೆಗೆ ಹಾಕುತ್ತದೆ ಎಂಬುದನ್ನು ಬಳೆ ಸ್ನಾಯುಗಳ ಮಿಡಿತದಿಂದ ತಿಳಿಯುತ್ತದೆ. ಅದರಲ್ಲಿ ಕಲ್ಲು ಚಲಿಸುವ ದಿಕ್ಕಿಗೆ ಬಿದ್ದ ಬಲವನ್ನಷ್ಟೇ ತೆಗೆದುಕೊಂಡು ವೇಗದಿಂದ ಗುಣಿಸುತ್ತದೆ. ಅದೇ ಆ ಕ್ಷಣದ ಶಕ್ತಿ. ಗೂಟವನ್ನು ಬರೀ ಕೆಳಕ್ಕೆ ಒತ್ತಿದರೆ ಸೊನ್ನೆ. ಚಲನೆಗೆ ಎದುರಾಗಿ ಜಗ್ಗಿದರೆ ಮೈನಸ್, ಆಗ ಬಳೆ ಕೆಂಪು.

"ಬಲ ಐತ್ರಿ ನಿಮ್ಮ ಕೈಯಾಗ. ಆದ್ರ ಕಲ್ಲು ನಿಮ್ಮ ಕೈಗಿಂತ ಮುಂದ ಓಡತೈತಿ. ಕೈ ಅದರ ಹಿಂದ ಜೋತುಬಿದ್ದೈತಿ."

ಬಸಲಿಂಗವ್ವನ ಮುಖ ಸಣ್ಣದಾಯಿತು. "ಆಕಿಗೆ ಭಾರ ಆಗಬಾರದಂತ ನಾನ ಜೋರು ತಿರುವಿದ್ನಿ. ನಾನ ಕೆಡಿಸಿದ್ನೇನ್ರಿ?"

"ಕೆಡಿಸಿಲ್ರಿ. ಇಷ್ಟು ದಿನ ಆ ಕೈ ಗೂಟ ಬಿಡದಂಗ ನೋಡಿಕೊಂಡಿದ್ದು ನೀವ. ಈಗ ಸ್ವಲ್ಪ ನಿಧಾನ ಮಾಡ್ರಿ."

ಬಸಲಿಂಗವ್ವ ಬೀಸುವ ಹಾಡು ಹೇಳುತ್ತಲೇ ನಿಧಾನ ಮಾಡಿದಳು. ಆದರೆ ಮೂರು ಸುತ್ತು ಕಳೆಯುವುದರೊಳಗೆ ಅವಳ ಹಾಡು ಚುರುಕಾಯಿತು, ಹಾಡಿನ ಹಿಂದೆಯೇ ಕಲ್ಲೂ ಓಡಿತು. ಹಿರಿಯಳು ಹಾಡು ಎತ್ತಬೇಕು, ಕಿರಿಯಳು ದನಿಗೂಡಿಸಬೇಕು. ಅವರ ಮನೆಯಲ್ಲಿ ಮೊದಲಿನಿಂದಲೂ ಅದೇ ರೂಢಿ. ಶಾಹಿದಾ ಪರದೆಯನ್ನು ಬಿಟ್ಟು ಬಸಲಿಂಗವ್ವನ ತುಟಿಗಳನ್ನು ನೋಡಿದಳು.

"ಇವತ್ತು ಹಾಡು ನೀಲಗಂಗಮ್ಮಾರು ಎತ್ತಲಿ."

"ಹಿರೇರು ಕುಂತಾಗ ನಾನಾ? ನನ್ನ ನಾಲಿಗಿನೂ ತೊದಲತೈತವ್ವಾ."

"ನನ್ನ ರಾಗ ಕತ್ತೆ ಒದರಿದಂಗಂತ ಮೂವತ್ತು ವರ್ಷ ಓಣಿ ತುಂಬ ಸಾರಿದಾಕಿ ನೀನು," ಎಂದಳು ಬಸಲಿಂಗವ್ವ. "ಈಗ ಹಾಡಿ ತೋರಸು!"

ನೀಲಗಂಗವ್ವ ಹಾಡಿದಳು. ಒಂದು ಸಾಲಿಗೆ ಮೂರು ಸಾಲಿನ ಹೊತ್ತು ಹಿಡಿಯಿತು. ನಡುವೆ ಒಂದು ಮಾತು ಸಿಕ್ಕಿಕೊಂಡಿತು. ಬಸಲಿಂಗವ್ವನಿಗೆ ಆ ಮಾತು ಗೊತ್ತಿತ್ತು, ಆದರೂ ತುಟಿ ಕಚ್ಚಿಕೊಂಡು ಕಾದಳು. ಕಲ್ಲು ಇನ್ನೇನು ನಿಂತೇ ಹೋಗುವಷ್ಟು ಮೆಲ್ಲಗಾಯಿತು. ಬಳೆಯ ಕೆಂಪು ಮಾಸಿ ಬಣ್ಣವೇ ಇಲ್ಲದಂತಾಯಿತು. ಆಮೇಲೆ, ತೀರಾ ಎಳೆಯದಾಗಿ, ಹಸಿರು.

ಸೊನ್ನೆ ದಶಾಂಶ ನಾಲ್ಕು ವ್ಯಾಟ್. ನೂರು ಗ್ರಾಂ ಬೆಲ್ಲವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಲು ಸುಮಾರು ಒಂದು ವ್ಯಾಟ್ ಬೇಕು. ಇದು ಅದರ ಅರ್ಧವೂ ಅಲ್ಲ. ಆದರೆ ಅಷ್ಟೂ ಅವಳದೇ.

ಶಾಹಿದಾ ಇನ್ನೂ ಐದು ಸುತ್ತು ನೋಡಿದಳು. ಹಸಿರು ಆರಲಿಲ್ಲ. 'ಬಲಗೈ ಚಿಕಿತ್ಸೆ ಮುಂದುವರಿಯಲಿ' ಎಂದು ಬರೆದು ಗಟ್ಟಿಯಾಗಿ ಓದಿ ಹೇಳಿದಳು. ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳಬ್ಯಾಡ, ಹಿಟ್ಟು ಹಸಿ ಆದೀತು," ಎಂದಳು ನೀಲಗಂಗವ್ವ. ಈ ಸಲ ನಗು ತಾನಾಗಿಯೇ ಬಂತು.

ಮುಂದೆ ಆ ಬಳೆಗಳು ಶಾಲೆಗಳಿಗೂ ಹೋದವು. ಮಗುವಿನ ಕೈ ಹಿಡಿದು ಹಲಗೆಯ ಮೇಲೆ 'ಅ' ಬರೆಸುವಾಗ ಪುಟ್ಟ ಬಳೆ ಕೆಂಪಾಗುವುದನ್ನು ಕಂಡು ಪಾಠ ಹೇಳುವ ಅಕ್ಕೋರುಗಳು ತಮ್ಮ ಕೈ ಸಡಿಲಿಸಲು ಕಲಿತರು. ನಮ್ಮ ಕಾಲಕ್ಕೆ ಅಂಥ ಬಳೆ ಇನ್ನೂ ಬಂದಿಲ್ಲ. ಇಂದು ಸಂಜೆ ಯಾವುದಾದರೂ ಮನೆಯಲ್ಲಿ ಒಂದು ಪುಟ್ಟ ಕೈಯ ಮೇಲೆ ದೊಡ್ಡ ಕೈ ಕೂತಿರುತ್ತದೆ. ಅದು ಒಂದು ಗಳಿಗೆ ನಿಧಾನ ಮಾಡಿದರೆ, ಬಳಪ ಯಾರ ಬಲದಿಂದ ಸರಿಯುತ್ತಿದೆಯೆಂದು ಅದಕ್ಕೇ ತಿಳಿದೀತು.