ಜೇನಿನಲ್ಲಿ ಕಲಸಿದ ನೀಲಿ

"ಜೇಬಿಂದ ಕೈ ತೆಗೀರಿ!"

ದ್ವಾರಕಾನಾಥ ಬೆಚ್ಚಿಬಿದ್ದ. ಪೀಣ್ಯದ ಒಂದು ಔಷಧಿ ಕಾರ್ಖಾನೆಯ ಕೆಮಿಸ್ಟು ಅವನು. ಕೂಗಿದವಳು ಸತ್ಯವತಿ, ಅದೇ ವಾರ ಲ್ಯಾಬಿಗೆ ಸೇರಿದ್ದವಳು.

ಅವನ ಅಂಗೈಯಲ್ಲಿ ಒಂದು ಪೊಟ್ಟಣ... ಚೀನಾದಿಂದ ತರಿಸಿದ್ದ ನೀಲಿ ಪುಡಿ! ಗಿಡದ ಎಲೆಯಿಂದ ತೆಗೆದದ್ದು. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಅದರ ಸತ್ವ ಗುಣ ಕೊಡುತ್ತಿದೆಯೆಂದು ಅಲ್ಲಿನ ವೈದ್ಯರು ಬರೆದಿದ್ದರು. ಇಲ್ಲಿ ಅದಿನ್ನೂ ಇಲಿಗಳ ಮೇಲಿನ ಪರೀಕ್ಷೆಯಲ್ಲೇ ಇತ್ತು.

"ಯಾರಿಗೆ ಮಾರ್ತೀರಿ ಇದನ್ನ?"

"ನನಗೇ ಬೇಕು ಕಣ್ರೀ," ಎಂದು ನಕ್ಕುಬಿಟ್ಟ.

ಕಳ್ಳನಿಗೊಂದು ಪಿಳ್ಳೆ ನೆವ! ಆದರೂ ಆ ನಗು ನೋಡಿದ ಮೇಲೆ ಮ್ಯಾನೇಜರ ಹತ್ತಿರ ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಪಾಪ.

ತಿಂಗಳುಗಳು ಕಳೆದವು. ಊಟದ ಡಬ್ಬಿ ಹಂಚಿಕೊಳ್ಳುವಷ್ಟು ಸಲಿಗೆ ಬೆಳೆಯಿತು. ಲ್ಯಾಬಿನ ಸೀಸೆಯಲ್ಲಿದ್ದ ನೀಲಿ ಪುಡಿ ಮಾತ್ರ ಇಳಿಯುತ್ತಲೇ ಇತ್ತು.

'ಸಿಕ್ಕಿಬಿದ್ದರೆ ಇವರ ಕೆಲಸ ಹೋಗುತ್ತಲ್ಲ...'

ಅವಳೇ ಒಂದು ಉಪಾಯ ಹೂಡಿದಳು. ಅವನು ಕದ್ದರೂ ಲೆಕ್ಕ ತಪ್ಪದಿರಲೆಂದು ಅಸಲಿ ಪುಡಿಯನ್ನು ಬೀರುವಿನಲ್ಲಿ ಬಚ್ಚಿಟ್ಟು, ಸೀಸೆಗೆ ಬಟ್ಟೆಗೆ ಹಾಕುವ ನೀಲಿ ತುಂಬಿದಳು. ಮಾರಿಕೊಳ್ಳಲಿ ಇದನ್ನ!

ಆಮೇಲೆ ಒಂದು ದಿನ ಅವನು ಕೆಲಸಕ್ಕೆ ಬರುವುದೇ ನಿಂತುಹೋಯಿತು.

ಮಾದನಾಯಕನಹಳ್ಳಿಯ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದದ್ದು ಅವನ ತಾಯಿ ಅಮ್ಮಣ್ಣಿ.

"ರಕ್ತದ ಕ್ಯಾನ್ಸರು ಕಣಮ್ಮ. ಯಾವ್ದೋ ನೀಲಿ ಪುಡೀನ ಜೇನುತುಪ್ಪದಲ್ಲಿ ಕಲಸಿ ತಿಂತಾನೆ. ಅದೊಂದೇ ನಂಬಿಕೆ ನಮಗೆ."

ನಿಜವನ್ನೇ ಹೇಳಿದ್ದನಲ್ಲ ಅವನು!

ಒಳಗೆ ಮಂಚದ ಮೇಲೆ ಅವನು ಒಣಗಿ ಕಡ್ಡಿಯಾಗಿದ್ದ.

"ನಾನು... ಸೀಸೆಯಲ್ಲಿ..." ಅವಳಿಗೆ ಅಳು ಒತ್ತರಿಸಿ ಬಂತು.

"ಬಟ್ಟೆ ನೀಲಿ ತಾನೆ? ನೋಡಿದ ದಿನವೇ ಗೊತ್ತಾಯ್ತು. ನಾನು ಕೆಮಿಸ್ಟು ರೀ."

"ಗೊತ್ತಿದ್ದೂ ಯಾಕೆ ತಿಂದ್ರಿ?"

"ಅಮ್ಮ ನೋಡ್ತಿದ್ರು. ಅಸಲಿ ಪುಡಿಗೇ ನನ್ನ ರೋಗ ಬಗ್ಗಲಿಲ್ಲ, ಸತ್ಯಾ. ಅದನ್ನ ಅವರಿಗೆ ಹೇಗೆ ಹೇಳ್ಲಿ? ನಿಮ್ಮ ತಪ್ಪೇನೂ ಇಲ್ಲ."

"ಯಾರಿಗೋ ಮಾರ್ತೀರಿ ಅಂದ್ಕೊಂಡೆ. ಆದ್ರೂ ನಿಮ್ಮನ್ನ ಬಿಟ್ಟಿರೋಕೆ ಆಗ್ಲಿಲ್ಲ ನನಗೆ..."

"ನನಗೂ ಅಷ್ಟೆ. ಹೇಳಿ ನಿಮ್ಮನ್ನ ಕಟ್ಟಿಹಾಕೋದು ಬೇಡ ಅಂತ ಸುಮ್ಮನಿದ್ದೆ."

ಅಡುಗೆಮನೆಯಿಂದ ಅಮ್ಮಣ್ಣಿ ಕೂಗಿದರು. "ಔಷಧಿ ತಗೊಂಡ್ಯಾ ದ್ವಾರಕಿ?"

ಸತ್ಯವತಿ ಮಂಚದ ಪಕ್ಕದಲ್ಲಿದ್ದ ಬಟ್ಟೆ ನೀಲಿಯ ಪೊಟ್ಟಣವನ್ನು ಸೆರಗಿನೊಳಗೆ ಸೇರಿಸಿದಳು. ಚಮಚದ ತುಂಬ ಬರೀ ಜೇನುತುಪ್ಪ ಸುರಿದು ಅವನ ತುಟಿಗೆ ಹಿಡಿದಳು.

"ನಾನೇ ಕೊಟ್ಟೆ ಅಮ್ಮಾ!"

ಅವನು ಮೆಲ್ಲಗೆ ಕೇಳಿದ. "ನಾಳೆನೂ ಬರ್ತೀಯಾ?"

"ಬರ್ತೀನಿ. ಸುಳ್ಳು ಹೇಳೋಕೆ ಇನ್ಮೇಲೆ ಇಬ್ರಿದ್ದೀವಲ್ಲ."