ಸರದಿ ತಪ್ಪಿ ಬಂದ ನೀರು

ಈ ಕತೆ ಹೇಳುವ ಮುದುಕನಿಗೆ ಅರಳುಮರಳು, ಆಗದ್ದನ್ನು ಆದಂತೆ ಹೇಳುತ್ತಾನೆ ಎಂದು ಯಾರೋ ಗೊಣಗಿದರಂತೆ. ನಿನ್ನೆ ತಿಂದ ಪಲ್ಲೆ ಯಾವುದೆಂದು ತಿಳಿಯಲು ಗೋಡೆಯ ಯಂತ್ರವನ್ನು ಕೇಳುವವರು ನೀವು, ನೆನಪಿನ ಮಾತು ನಿಮಗೇಕೆ? ಹಿರೇಬಾವಿ ಪಟ್ಟಣದ ನೀರಿನ ಆಫೀಸಿನಲ್ಲಿ ನೆರಳುಗೈ ಎಂಬ ಯಂತ್ರ ಕೆಲಸಕ್ಕಿಳಿದದ್ದು ಎರಡು ಸಾವಿರದ ಐವತ್ತೆಂಟರ ಬೇಸಿಗೆಯಲ್ಲಿ. ಅನುಮಾನ ಇದ್ದವರು ಇಲ್ಲಿಗೇ ನಿಲ್ಲಿಸಿಬಿಡಿ. ಉಳಿದವರು ಕೇಳಿ.

ಬೆಳಗಿನ ಹೊತ್ತು. ಕುರ್ಚಿ ಖಾಲಿ. ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡುತ್ತಿದೆ! ಟ್ಯಾಂಕಿನ ಮಟ್ಟ ನೋಡಿತು, ಪೇಟೆಯ ವಾಲ್ವ್ ತೆರೆಯಿತು, ಹೊತ್ತಾದೊಡನೆ ಅದನ್ನು ಮುಚ್ಚಿ ಕೋಟೆ ಓಣಿಯದನ್ನು ತೆರೆಯಿತು. ನೆಲದಡಿಯ ಕೊಳವೆಗಳು ಗುಡುಗಿದವು. ಅದನ್ನು ಕಟ್ಟಿದ ವಿಜ್ಞಾನಿ ಡಾಕ್ಟರ್ ನಿಹಾರಿಕಾ ಕುಸುಗಲ್ ಕೈಕಟ್ಟಿ ನಿಂತು ನೋಡುತ್ತಿದ್ದಳು. ಎದೆ ಹಬ್ಬದ ಹಲಗೆಯಂತೆ ಬಡಿಯುತ್ತಿತ್ತು. ಅವಳ ಯೌವನವನ್ನೆಲ್ಲ ತಿಂದ ಯಂತ್ರ ಕೊನೆಗೂ ಎದ್ದು ನಡೆದಿತ್ತು.

ಇದರ ಬೇರು ಹಳೆಯದು. ಅಜ್ಜಂದಿರ ಕಾಲದ ಕಂಪ್ಯೂಟರಿನಲ್ಲೇ ಮ್ಯಾಕ್ರೋ ಎಂಬುದಿತ್ತು. ರೆಕಾರ್ಡ್ ಒತ್ತಿ, ಕೆಲಸವನ್ನು ಒಂದು ಸಲ ಮಾಡಿ ತೋರಿಸಿದರೆ, ಮುಂದೆ ಒಂದೇ ಗುಂಡಿಗೆ ಯಂತ್ರ ಅದನ್ನೇ ಚಾಚೂ ತಪ್ಪದೆ ಮಾಡುತ್ತಿತ್ತು. ನಿಹಾರಿಕಾ ಅದನ್ನು ಆಫೀಸಿನ ಲೆಕ್ಕದ ಹಾಳೆಯಿಂದ ಹೊರಗೆಳೆದು ಊರಿನ ಕೊಳವೆಗೆ ಕಟ್ಟಿದಳು. ಮಣಿಕಟ್ಟಿಗೆ ಬಳೆಯೊಂದನ್ನು ತೊಟ್ಟು ಯಾರಾದರೂ ಒಂದು ಸುತ್ತು ದುಡಿದರೆ ಸಾಕು, ಬೆರಳು ಮಾಡಿದ್ದೆಲ್ಲ ಬಳೆಯೊಳಗೆ ಇಳಿಯುತ್ತಿತ್ತು, ಮುಂದೆ ನೆರಳುಗೈ ಅದನ್ನೇ ಮಾಡುತ್ತಿತ್ತು.

ಬಳೆ ತೊಟ್ಟವಳು ಚೈತ್ರಕ್ಕ, ಅದೇ ಆಫೀಸಿನಲ್ಲಿ ನೀರು ಬಿಡುವವಳು. ಊರಿಗೆಲ್ಲ ಒಂದು ಸುತ್ತು ನೀರು ಮುಟ್ಟಿಸಿ ಬಳೆ ಕಳಚುವಾಗ ಅವಳು ಆ ಬಳೆಗೇ ಹೇಳಿದಳು, “ಒತ್ತಿ ಒತ್ತಿ ನನ್ನ ಬೆರಳು ಸವದಾವು. ಇನ್ನ ನೀ ದುಡಿ, ನನ್ನ ಸೊಸಿ.”

ಸೊಸೆ ದುಡಿದದ್ದೇ ದುಡಿದದ್ದು. ಆದರೆ ಕಂಬಾರ ಓಣಿಯಲ್ಲಿ ಗದ್ದಲ ಎದ್ದಿತು. ಸರದಿ ಮುಗಿದ ಮರುದಿನವೇ ಅಲ್ಲಿ ಮತ್ತೆ ನಳ ಸುರಿಯಿತು. ಬೇರೆ ಊರಾದರೆ ಜನ ಕುಣಿಯುತ್ತಿದ್ದರು. ಹಿರೇಬಾವಿಯಲ್ಲಿ ಸರದಿ ತಪ್ಪಿ ನೀರು ಬಂದರೆ ಓಣಿಯಲ್ಲಿ ಹೆಣ ಬಿದ್ದಿದೆ ಎಂದೇ ಅರ್ಥ. ಸತ್ತವರ ಮೈ ತೊಳೆಯಲು, ಮಣ್ಣಿಗೆ ಹೋಗಿ ಬಂದವರ ಸ್ನಾನಕ್ಕೆ ಆಫೀಸಿನವರು ಆ ಓಣಿಗೆ ನೀರು ಬಿಡುವುದು ಹಳೆಯ ವಾಡಿಕೆ. ಜನ ಕೊಡ ಹಿಡಿಯುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಹಾಸಿಗೆ ಹಿಡಿದಿದ್ದ ಬಸಲಿಂಗಜ್ಜನ ಬಾಗಿಲಿಗೆ ಬಂದರು. ಪುಣ್ಯಾತ್ಮನೊಬ್ಬ ಹೂವಿನ ಮಾಲೆಯನ್ನೇ ತಂದಿದ್ದ. ಮುದುಕ ಒಳಗಿನಿಂದ ಬೈದು ಅಟ್ಟಿದ. ಮುಂದಿನ ಸುತ್ತಿನಲ್ಲೂ ಅದೇ ನೀರು, ಅದೇ ಜನ, ಅದೇ ಬೈಗುಳ.

ನಿಹಾರಿಕಾ ತಲೆ ಕೆಡಿಸಿಕೊಂಡು ಚೈತ್ರಕ್ಕನನ್ನು ಕರೆಸಿದಳು.

“ಬಳಿ ತೊಟ್ಟಿದ್ನೆಲ್ರೀ, ಆವಾಗ ಆ ಓಣ್ಯಾಗ ದ್ಯಾಮವ್ವ ತೀರ್ಕೊಂಡ್ಳು. ಫೋನ್ ಬಂತು, ನೀರು ಬಿಟ್ಟೆ.”

“ನನಗ ಹೇಳಬೇಕಿತ್ತಲ್ರೀ, ಅಕ್ಕಾ?”

“ಅದೇನು ಕೆಲಸ ಏನ್ರೀ ಮೇಡಂ, ಹೇಳಾಕ?”

ಬಳೆಗೆ ಕೆಲಸ ಯಾವುದು, ಕರುಳು ಯಾವುದು ಎಂಬ ಭೇದವಿಲ್ಲ. ಕೈ ಮಾಡಿದ್ದನ್ನು ಅದು ಮಾಡುತ್ತದೆ. ನಿಹಾರಿಕಾ ಆ ಒಂದು ಹೆಜ್ಜೆಯನ್ನು ಹುಡುಕಿ ಅಳಿಸಿದಳು. ಕಾಲಿನ ಮುಳ್ಳು ತೆಗೆದಷ್ಟು ಸಲೀಸು. ಆಮೇಲೆ ಬಸಲಿಂಗಜ್ಜನ ಮನೆಗೇ ಹೋಗಿ ತಪ್ಪಾಯಿತು ಎಂದಳು.

ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕ. “ಎರಡು ಸಲ ಸಾಯಿಸಿದೆಲ್ಲ ನನ್ನ, ತಂಗಿ. ಹೋಗ್ಲಿ ಬಿಡು. ಆದ್ರ ಖರೇನ ಸತ್ತಾಗ ನೀರು ಬರಲಿಲ್ಲಂದ್ರ, ಎದ್ದು ನಿನ್ನ ಆಫೀಸಿಗೇ ಬರ್ತೀನಿ ನೋಡು.”

ಮರುದಿನವೇ ಸರಕಾರದ ಪರೀಕ್ಷೆ ಶುರುವಾಯಿತು. ಎರಡು ವಾರ ಮನುಷ್ಯರ ಕೈ ತಾಗದೆ ಊರಿಗೆ ನೀರು ಹರಿಯಬೇಕು. ಗೆದ್ದರೆ ನಾಡಿನ ಪಟ್ಟಣಗಳಿಗೆಲ್ಲ ನೆರಳುಗೈ. ಸೋತರೆ ನಿಹಾರಿಕಾಳ ಪ್ರಯೋಗಾಲಯಕ್ಕೆ ಬೀಗ. ಕೊನೆಯ ಬೆಳಗು ಅಧಿಕಾರಿಗಳು ಬಂದು ಕುಳಿತರು. ಒಂದು ಓಣಿಯೂ ತಪ್ಪಿರಲಿಲ್ಲ. ಗಿರ್ಮಿಟ್ಟು, ಮಿರ್ಚಿ, ಚಹಾ ಎಲ್ಲ ಬಂದಿತ್ತು.

ಆಗ ಬಾಗಿಲಲ್ಲಿ ಚೈತ್ರಕ್ಕ ನಿಂತಳು. “ಬಸಲಿಂಗಜ್ಜ ಹೋದ್ರೀ, ಮೇಡಂ. ಕಂಬಾರ ಓಣಿ ಮಂದಿ ಕೊಡ ಹಿಡಕೊಂಡು ನಳದ ಮುಂದ ನಿಂತಾರ.”

ಆ ಓಣಿಯ ಸರದಿ ಮರುದಿನ ಸಂಜೆಗೆ. ಟ್ಯಾಂಕರ್ ಕಳಿಸೋಣ ಎಂದರು ಅಧಿಕಾರಿ. ಸೈಕಲ್ ತಿರುಗದ ಓಣಿಗೆ ಟ್ಯಾಂಕರ್ ಎಲ್ಲಿ ಹೋಗಬೇಕು? ಇನ್ನೊಂದು ತಾಸು ತಡೆಯಿರಿ, ಪರೀಕ್ಷೆ ಮುಗಿಯುತ್ತದೆ ಎಂದರು. ಪರದೆಯ ಮೇಲೆ ಬಾಣ ತನ್ನ ಪಾಡಿಗೆ ಪೇಟೆಯಿಂದ ಕೋಟೆಗೆ ನಡೆದಿತ್ತು. ಯಾರು ಸತ್ತರೆ ಅದಕ್ಕೇನು?

ಮುದುಕ ಎದ್ದು ಬಂದು ಬೆನ್ನ ಹಿಂದೆ ನಿಂತಂತಾಯಿತು ನಿಹಾರಿಕಾಗೆ. ಅವಳು ನೆರಳುಗೈಯನ್ನು ನಿಲ್ಲಿಸಿ, ತನ್ನ ಬೆರಳಿನಿಂದಲೇ ಕಂಬಾರ ಓಣಿಯ ವಾಲ್ವ್ ತೆರೆದಳು. ಕೊಳವೆ ಗುಡುಗಿತು. ಆ ಗುಡುಗಿನ ಜೊತೆಗೇ ಅವಳ ತಲೆಯೊಳಗೂ ಏನೋ ಬಿಚ್ಚಿಕೊಂಡಿತು.

ಅಧಿಕಾರಿಗಳತ್ತ ತಿರುಗಿ ಅವಳು ಹೇಳಿದ್ದು ಇಷ್ಟೇ: “ಪರೀಕ್ಷೆ ಸೋತೆ, ಸರ್. ಆದ್ರ ಇದಕ್ಕ ಏನು ಕಡಿಮಿ ಆಗಿತ್ತಂತ ಈಗ ಗೊತ್ತಾತು.” ಪ್ರಯೋಗಾಲಯಕ್ಕೆ ಬೀಗ ಬೀಳುತ್ತದೆಂದು ತಿಳಿದೂ ಅವಳ ಕಣ್ಣುಗಳು ಹೊಳೆಯುತ್ತಿದ್ದವು.

ಬೀಗ ಬಿತ್ತು. ಅವಳು ಚೈತ್ರಕ್ಕನ ಪಡಸಾಲೆಯಲ್ಲಿ ಕುಳಿತು ಯಂತ್ರ ತಿದ್ದಿದಳು. ಹೊಸ ನೆರಳುಗೈ ಪ್ರತಿ ಬೆಳಿಗ್ಗೆ ಕೆಲಸಕ್ಕೆ ಮೊದಲು ನಿಲ್ಲುತ್ತಿತ್ತು, ಓಣಿಗೊಬ್ಬರಿಗೆ ಫೋನು ಹಚ್ಚುತ್ತಿತ್ತು. “ಇವತ್ತು ಓಣಿಯಲ್ಲಿ ಏನಾದರೂ ವಿಶೇಷ?” ಉತ್ತರ ಬರುವವರೆಗೆ ಒಂದು ಹನಿಯನ್ನೂ ಬಿಡುತ್ತಿರಲಿಲ್ಲ. ಮೊದಲ ದಿನ ಕಂಬಾರ ಓಣಿಯಿಂದಲೇ ಉತ್ತರ ಬಂತು. ಬಸಲಿಂಗಜ್ಜನ ಮರಿಮಗಳಿಗೆ ಹೆರಿಗೆಯಾಗಿದೆ, ಬಾಣಂತಿಗೆ ನೀರು ಬೇಕು. ಸರದಿ ತಪ್ಪಿ ನಳ ಸುರಿಯಿತು. ಓಣಿಯವರು ಎಂದಿನಂತೆ ಗಾಬರಿಯಿಂದ ಹೊರಬಂದು, ಸಕ್ಕರೆ ತಿಂದು ಒಳಗೆ ಹೋದರು! ನಾಡಿನ ಪಟ್ಟಣಗಳೆಲ್ಲ ಬಯಸಿ ಕೊಂಡದ್ದು ಈ ನೆರಳುಗೈಯನ್ನೇ, ಹಳೆಯದನ್ನಲ್ಲ.

ಈಗ ನೀವೂ ದಿನಕ್ಕೊಂದು ಕೆಲಸಕ್ಕೆ ರೆಕಾರ್ಡ್ ಒತ್ತುತ್ತೀರಿ. ಒತ್ತಿ, ಬೇಡ ಎಂದವರಾರು? ಆದರೆ ಕೈಯ ಕಡೆ ನೋಡಿಕೊಳ್ಳಿ. ‘ಅದೇನು ಕೆಲಸ’ ಎಂದು ನೀವು ಲೆಕ್ಕಕ್ಕೆ ಹಿಡಿಯದೆ ಮಾಡುವುದು ಏನೋ ಒಂದು ಇದ್ದೇ ಇರುತ್ತದೆ. ಅದು ಎಲ್ಲಿದೆಯೆಂದು ನೋಡಿಟ್ಟುಕೊಂಡು ಆಮೇಲೆ ಒತ್ತಿ.

ಈ ಕತೆಯನ್ನು ನಾಲ್ಕು ಜನಕ್ಕೆ ದಾಟಿಸಿ. ಉದ್ದವಾಯಿತೆಂದು ಬಸಲಿಂಗಜ್ಜನ ಬೈಗುಳ, ನಗೆ ಏನನ್ನೂ ಕತ್ತರಿಸಬೇಡಿ. ಹಾಗೆ ಕೆಲಸವಲ್ಲವೆಂದು ಕತ್ತರಿಸಿಯೇ ಅಲ್ಲವೇ ಅಜ್ಜ ಸತ್ತ ಬೆಳಗು ಕಂಬಾರ ಓಣಿಯ ನಳ ಒಣಗಿದ್ದು?